ಮೊದಲು ಹೊಸಿಲು ದಾಟಿದವನು

ಫುಟ್‌ಸ್ಕ್ರೇಯಲ್ಲಿ ಫೆಬ್ರವರಿಯೆಂದರೆ ಕಾದ ಕಾವಲಿ.
ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ.
ಆದರೂ ಅಜ್ಜಿ ಇದನ್ನು ವಸಂತ ಅನ್ನುತ್ತಾಳೆ.
ನಾನು ತಿದ್ದಲು ಹೋಗುವುದಿಲ್ಲ.

ವಾರದಿಂದ ಗುಡಿಸಿ ಗುಡಿಸಿ ಮೂಲೆಗಳೇ ಸವೆದಿವೆ.
ಎಲೆಯಲ್ಲಿ ಕಟ್ಟಿದ ಚೌಕ ಕಡುಬು
ಹನ್ನೆರಡು ತಾಸು ಬೆಂದು ತಾತನ ಪಟದ ಮುಂದೆ ಕೂತಿದೆ,
ಪಕ್ಕದಲ್ಲಿ ಅವನ ಸಿಗರೇಟು. ಒಂದೇ.
ಅಲ್ಲಾದರೂ ಕಡಿಮೆ ಮಾಡಲಿ, ಅಂತ ಅಜ್ಜಿ.

ಇನ್ನು ಮೂರು ದಿನ ಪೊರಕೆಗೆ ಸೆರೆವಾಸ:
ಗುಡಿಸಿದರೆ ಕಸದ ಜೊತೆ ಅದೃಷ್ಟವೂ ಹೋಗುತ್ತದಂತೆ.
ಮತ್ತೆ, ಮೊದಲು ಹೊಸಿಲು ದಾಟುವವರ
ಕಾಲ್ಗುಣವೇ ಇಡೀ ವರ್ಷಕ್ಕೆ.
ಅದಕ್ಕೇ ಮುಂಗಡವಾಗಿ ಗೊತ್ತು ಮಾಡಿದ್ದಾಳೆ
ದಂತವೈದ್ಯ ತೊಆನನನ್ನು:
ಹುಟ್ಟಿದ ವರ್ಷ ಸರಿ, ಸಾಲವಿಲ್ಲ, ಮನೆಯಲ್ಲಿ ಜಗಳವಿಲ್ಲ,
ಮೂವತ್ತೆರಡು ಹಲ್ಲೂ ಸ್ವಂತದ್ದು.
ಬೆಳಿಗ್ಗೆ ಏಳಕ್ಕೆ ಬರಬೇಕು, ಹೊಸ ಶೂ ಹಾಕಿಕೊಂಡು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ
ಸಿಂಕಿನ ಕೆಳಗೆ ಏನೋ ಕೆಮ್ಮಿತು.
ಆಮೇಲೆ ನೀರು.

ನೀರೆಂದರೆ, ಅಕ್ಕಿ ಮೂಟೆಯ ಬುಡ ನೆನೆಸಿ
ಯಾರ ಅಪ್ಪಣೆಯೂ ಬೇಡವೆಂಬಂತೆ ಹಾಲ್‌ಗೆ ಹೊರಟ ನೀರು.
ನಾನು ಪೊರಕೆಗೆ ಓಡಿದೆ.
"ಮುಟ್ಟಿದರೆ ನೋಡು!"
ಆಚೆ ನಿಕೋಲ್ಸನ್ ಬೀದಿಯಲ್ಲಿ ಪಟಾಕಿ ಸರ ಸಿಡಿಯಿತು.
ಹಳೆಯ ವರ್ಷ ಹೋದದ್ದು ಹೀಗೆ:
ನಾವಿಬ್ಬರೂ ಸ್ಟೂಲಿನ ಮೇಲೆ, ಕಾಲು ಮಡಚಿಕೊಂಡು.

ಹನ್ನೆರಡೂ ನಲವತ್ತಕ್ಕೆ ಬೆಲ್.
ಝೆರಿಹುನ್, ಪ್ಲಂಬರ್, ರಾತ್ರಿಪಾಳಿ,
ಬಾಗಿಲಷ್ಟೇ ಎತ್ತರ, ಹನ್ನೊಂದು ನಂಬರಿನ ಬೂಟು.
"ಅಲ್ಲೇ ನಿಲ್ಲಿಸು ಅವನನ್ನ! ಹುಟ್ಟಿದ ವರ್ಷ ಕೇಳು."
ನೀರೂ ಹೊಸಿಲ ಬಳಿ ತಡೆದು ನಿಂತಿತು,
ಉತ್ತರ ತನಗೂ ಬೇಕೆಂಬಂತೆ.

ನಾಚಿಕೊಂಡೇ ಕೇಳಿದೆ. ಅವನು ನಗಲಿಲ್ಲ.
"ಸಾವಿರದ ಒಂಬೈನೂರ ಅರವತ್ತೆಂಟು."
ಅಜ್ಜಿ ಬೆರಳ ಗೆಣ್ಣು ಎಣಿಸಿದಳು. ಕೋತಿ.
ಅವಳು ಹುಲಿ. ಹುಲಿಗೂ ಕೋತಿಗೂ ಎಣ್ಣೆ ಸೀಗೆಕಾಯಿ.
"ತಡೀರಿ, ಅದು ಇಥಿಯೋಪಿಯಾದ ಲೆಕ್ಕ," ಅಂದ.
"ನಾವು ಏಳೆಂಟು ವರ್ಷ ಹಿಂದೆ ಇದ್ದೇವೆ.
ನಮ್ಮ ಹೊಸ ವರ್ಷ ಸೆಪ್ಟೆಂಬರಿಗೆ, ಬೆಟ್ಟಕ್ಕೆಲ್ಲ ಹಳದಿ ಹೂ ಬಂದಾಗ.
ನಿಮ್ಮ ಪ್ರಕಾರ ಎಪ್ಪತ್ತಾರು, ಏಪ್ರಿಲ್. ಅಮ್ಮ ಹೇಳಿದ್ದು.
ಪಾಸ್‌ಪೋರ್ಟಿನಲ್ಲಿ ಮಾತ್ರ ಜನವರಿ ಒಂದು."

ನಾನು ಅನುವಾದಿಸುವ ಮೊದಲೇ ಅಜ್ಜಿ ತಲೆಯೆತ್ತಿದಳು.
ಆ ಎರಡು ಪದ ಅವಳಿಗೆ ಇಂಗ್ಲಿಷಿನಲ್ಲೂ ಗೊತ್ತು.
ದೋಣಿಯಿಂದ ಇಳಿದ ವಾರ, ಶಿಬಿರದ ಮೇಜಿನೆದುರು,
"ಐದನೇ ತಿಂಗಳು, ಹುಣ್ಣಿಮೆಗೆ ಮೂರು ದಿನ ಇತ್ತು,
ಅಮ್ಮ ಬತ್ತ ಕುಟ್ಟುತ್ತಿದ್ದಳು" ಅಂದದ್ದಕ್ಕೆ
ಗುಮಾಸ್ತ ಬೆವರೊರೆಸಿಕೊಂಡು ಬರೆದದ್ದು ಅದನ್ನೇ.
ಪ್ರತಿ ಜನವರಿ ಒಂದಕ್ಕೆ ಬ್ಯಾಂಕಿನಿಂದ ಹುಟ್ಟುಹಬ್ಬದ ಕಾರ್ಡು.
ತಪ್ಪಿ ಬಂದ ಪಕ್ಕದ ಮನೆಯ ಟಪಾಲಿನಂತೆ
ಅದನ್ನವಳು ಡ್ರಾಯರಿನಲ್ಲಿ ಎತ್ತಿಡುತ್ತಾಳೆ.

ಗೆಣ್ಣು ಮತ್ತೆ ಎಣಿಸಿದಳು. ಈ ಸಲ ನಿಧಾನ.
"ಡ್ರ್ಯಾಗನ್," ಅಂದಳು.
"ನೀರು ಅವನ ಮಾತು ಕೇಳುತ್ತದೆ. ಬರಹೇಳು."

ಅರ್ಧ ಗಂಟೆ ಅವನು ಸಿಂಕಿನಡಿ ಮಲಗಿದ್ದ,
ತಾತನ ಪಟದ ಕಡೆಗೇ ಕಾಲು ಚಾಚಿ.
ಅಜ್ಜಿ ನೋಡಿದಳು, ನೋಡದವಳಂತೆ ದೀಪ ಸರಿಮಾಡಿದಳು.
ನಲ್ಲಿ ತಿರುಗಿಸಿದಾಗ ಮೊದಲು ತುಕ್ಕು,
ಆಮೇಲೆ ತಿಳಿನೀರು, ಒಂದೇ ಧಾರೆ.

ಮೊದಲ ದಿನ ಮನೆಯಿಂದ ದುಡ್ಡು ಆಚೆ ಹೋಗಬಾರದು.
"ಹಾಗಾದರೆ ಬಿಲ್ ನಾಲ್ಕನೇ ದಿನ," ಅಂದ.
ಕೆಂಪು ಲಕೋಟೆ ಮಾತ್ರ ದುಡ್ಡಲ್ಲವಂತೆ, ಅದನ್ನವನ ಜೇಬಿಗೆ ತುರುಕಿದಳು.
ಕಡುಬಿನೊಳಗೆ ಹಂದಿಮಾಂಸವೆಂದಾಗ ತಟ್ಟೆ ಮೆಲ್ಲಗೆ ಕೆಳಗಿಟ್ಟು
ಕುಂಡದ ಗಿಡದಿಂದ ಒಂದು ಪುಟ್ಟ ಕಿತ್ತಳೆ ಕಿತ್ತು
ಸಿಪ್ಪೆ ಸಮೇತ ತಿಂದು, ಹುಳಿಗೆ ಕಣ್ಣು ಮುಚ್ಚಿ, ಹೋದ.

ಏಳಕ್ಕೆ ಸರಿಯಾಗಿ ತೊಆನ್. ಹೊಸ ಶೂ, ಕೈಯಲ್ಲಿ ಸೇವಂತಿಗೆ.
ಬಾಗಿಲಲ್ಲೇ ನಿಂತ.
ಒಣಗಿದ ನೆಲದ ಮೇಲೆ, ಹೊಸಿಲಿಂದ ಸಿಂಕಿನವರೆಗೆ,
ಹನ್ನೊಂದು ನಂಬರಿನ ಕೆಸರು ಹೆಜ್ಜೆಗಳು.

"ಸುತ್ತಿಕೊಂಡು ಬಾ," ಅಂದಳು ಅಜ್ಜಿ, ಚಹಾ ಬಗ್ಗಿಸುತ್ತ.
"ತುಳೀಬೇಡ. ಒರೆಸೋಕೆ ಇನ್ನೂ ಮೂರು ದಿನ ಇದೆ."